ಸ್ಟೋರ್ ಕೀಪರ್ ವೀಸಾದಲ್ಲಿ ಕಬಡ್ಡಿ

ನನ್ನ ವೀಸಾದಲ್ಲಿ ಉದ್ಯೋಗ ಎಂಬ ಜಾಗದಲ್ಲಿ ಸ್ಟೋರ್ ಕೀಪರ್ ಎಂದು ಬರೆದಿತ್ತು. ನಾನು ಕತಾರಿಗೆ ಹೋದದ್ದು ಕಬಡ್ಡಿ ಆಡಲಿಕ್ಕೆ. ಈಗಿನ ಹುಡುಗರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಅವರು ಬೂಟು ಹಾಕಿಕೊಂಡು ಮ್ಯಾಟಿನ ಮೇಲೆ ಆಡುತ್ತಾರೆ, ಟೀವಿಯಲ್ಲಿ ಕಾಣಿಸುತ್ತಾರೆ, ಕರಾರಿಗೆ ಸಹಿ ಹಾಕುವ ಮೊದಲು ನಾಲ್ಕು ಜನರಿಗೆ ತೋರಿಸುತ್ತಾರೆ. ಆದರೂ ಮಲ್ಪೆಯ ನನ್ನ ಮನೆಗೆ ಆಗಾಗ ಯಾರಾದರೂ ಒಬ್ಬ ಬಂದು, "ವಿಶ್ವಣ್ಣ, ಗಲ್ಫಿನ ಒಂದು ಕಂಪೆನಿ ಟೀಮಿನವರು ಕರೀತಿದ್ದಾರೆ, ಹೋಗಬಹುದಾ?" ಎಂದು ಕೇಳುವುದುಂಟು. ಹೋಗು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ನನಗೆ ಆದದ್ದನ್ನು, ಮುಖ್ಯವಾಗಿ ನನ್ನ ಜತೆ ಆಡಿದ ಬಸವರಾಜನಿಗೆ ಆದದ್ದನ್ನು ಬರೆದಿಡುತ್ತೇನೆ. ಓದಿ ತೀರ್ಮಾನಿಸಿಕೊಳ್ಳಲಿ.

ನಾನು ಬಂದರಿನ ಐಸ್ ಪ್ಲಾಂಟಿನಲ್ಲಿ ದುಡಿಯುತ್ತಿದ್ದವ. ಒದ್ದೆ ಮಂಜುಗಡ್ಡೆಯನ್ನು ಜಾರದ ಹಾಗೆ ಹಿಡಿದು ಬೋಟಿಗೆ ದಾಟಿಸುವ ಕೆಲಸ. ನನ್ನ ಕೈಯ ಹಿಡಿತ ಬಂದದ್ದು ಅಲ್ಲಿಂದ, ಯಾವ ವ್ಯಾಯಾಮ ಶಾಲೆಯಿಂದಲೂ ಅಲ್ಲ. ಕಬಡ್ಡಿಯಲ್ಲಿ ನಾನು ಮೂಲೆಯಲ್ಲಿ ನಿಲ್ಲುತ್ತಿದ್ದೆ. ದಾಳಿಗೆ ಬಂದವನ ಕಾಲಿನ ಗಂಟು ಸಿಕ್ಕಿತೆಂದರೆ ಬಿಡುತ್ತಿರಲಿಲ್ಲ. ಜಿಲ್ಲೆಗೆ ಆಡಿದೆ, ರಾಜ್ಯ ತಂಡದ ಕ್ಯಾಂಪಿಗೂ ಕರೆ ಬಂತು. ಆ ಹೊತ್ತಿಗೇ ಫೆಲಿಕ್ಸ್ ಸರ್ ಊರಿಗೆ ಬಂದಿದ್ದರು. ಅವರು ಉಡುಪಿ ಕಡೆಯವರೇ, ದೋಹಾದ ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಆಡಳಿತದ ಮ್ಯಾನೇಜರು. ಅಲ್ಲಿಯ ಕಂಪೆನಿಗಳು ತಮ್ಮ ತಮ್ಮಲ್ಲೇ ಕಬಡ್ಡಿ ಪಂದ್ಯ ನಡೆಸುತ್ತಿದ್ದವು. ಫೆಲಿಕ್ಸ್ ಸರ್ ಅವರ ಯಜಮಾನರಿಗೆ ಕಪ್ ಗೆಲ್ಲುವ ಹುಚ್ಚು ಹತ್ತಿತ್ತು.

"ಹೆಸರಿಗೆ ಸ್ಟೋರು ಮಾರಾಯ. ನೀನು ಶುಕ್ರವಾರ ಕಾಲು ಹಿಡಿದರೆ ಸಾಕು, ಉಳಿದ ದಿನ ಕುರ್ಚಿ ಹಿಡಿ" ಎಂದು ಅವರು ನಕ್ಕರು.

ನಾನೂ ನಕ್ಕೆ. ಮನೆಯಲ್ಲಿ ಹಣವಿಲ್ಲದೆ ತಂಗಿಯ ಮದುವೆ ನಿಂತಿತ್ತು. ಕ್ಯಾಂಪಿಗೆ ಹೋಗುವ ಬದಲು ಮುಂಬಯಿಯಿಂದ ದೋಹಾದ ವಿಮಾನ ಹತ್ತಿದೆ.

ಆಗ ಜಿಲ್ಲೆಯ ಕಬಡ್ಡಿ ಸಂಘದವರು ಒಂದು ನಿಯಮ ಇಟ್ಟುಕೊಂಡಿದ್ದರು. ಅನುಮತಿ ಇಲ್ಲದೆ ಹೊರದೇಶದಲ್ಲಿ ಹಣಕ್ಕೆ ಆಡಿದವನು ಇಲ್ಲಿ ಮತ್ತೆ ಆಡಬಾರದು. ನನಗೆ ಅದು ಗೊತ್ತಿರಲಿಲ್ಲ ಎಂದಲ್ಲ, ಅಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಮೊದಲ ರಜೆಗೆ ಬಂದಾಗ ನಮ್ಮ ಕೇರಿಯ ಕ್ಲಬ್ಬಿನ ಹುಡುಗರು ಸಂಜೆ ಆಡುತ್ತಿದ್ದರು. ಪಂದ್ಯವೂ ಅಲ್ಲ, ಸುಮ್ಮನೆ ಅಭ್ಯಾಸ. ನಾನು ಲುಂಗಿ ಬಿಚ್ಚಿಟ್ಟು ಚಡ್ಡಿಯಲ್ಲಿ ಇಳಿಯಬೇಕು, ನನಗೆ ಆಟ ಕಲಿಸಿದ ಸದಾಶಿವ ಮಾಸ್ಟ್ರು ಎದ್ದು ಬಂದು ಎದೆಗೆ ಕೈ ಅಡ್ಡ ಇಟ್ಟರು. ತುಳುವಿನಲ್ಲಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನೀನು ಗೆರೆಯ ಒಳಗೆ ಬರುವುದು ಬೇಡ ವಿಶ್ವ. ನಿನ್ನ ಜತೆ ಆಡಿದವರನ್ನೂ ಹೊರಗೆ ಹಾಕುತ್ತಾರೆ. ಈ ಹುಡುಗರ ಹೊಟ್ಟೆಗೆ ಕಲ್ಲು ಹಾಕಬೇಡ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಲುಂಗಿ ಮತ್ತೆ ಉಟ್ಟುಕೊಂಡು ಗೆರೆಯ ಹೊರಗೆ ಕುಳಿತು ನೋಡಿದೆ. ಮೀನು ಮಾರಿ ವಾಪಸು ಬರುತ್ತಿದ್ದ ಹೆಂಗಸರು, "ಏನು ವಿಶ್ವ, ದೋಹಾಕ್ಕೆ ಹೋದ ಮೇಲೆ ಮಣ್ಣು ಮುಟ್ಟುವುದಿಲ್ಲವಾ?" ಎಂದು ಕೇಳುತ್ತ ಹೋದರು. ಆ ಸಂಜೆಯ ಮೇಲೆ ಊರಿನ ಮಣ್ಣಿನಲ್ಲಿ ನಾನು ಆಡಲೇ ಇಲ್ಲ. ಹಣಕ್ಕಾಗಿ ಒಂದು ಕಡೆ ಹೋದರೆ ಇನ್ನೊಂದು ಕಡೆಯ ಬಾಗಿಲು ಹಾಕಿಕೊಳ್ಳುತ್ತದೆ ಎಂಬುದು ಹೋಗುವಾಗ ತಿಳಿಯುವುದಿಲ್ಲ.

ದೋಹಾದಲ್ಲಿ ಆಟ ಬೇರೆಯೇ ಇತ್ತು. ಐನ್ ಖಾಲಿದ್‌ನಲ್ಲಿ ಕಂಪೆನಿ ನಮ್ಮನ್ನು ಇರಿಸಿದ್ದ ವಿಲ್ಲಾದ ಹಿಂದೆ ಒಂದು ಖಾಲಿ ಜಾಗ, ಅದೇ ನಮ್ಮ ಅಂಗಣ. ಮರಳೆಂದರೆ ಮಲ್ಪೆಯ ಮರಳಲ್ಲ, ಸುಣ್ಣದ ಕಲ್ಲಿನ ಚೂರು ಬೆರೆತ ಒಣ ಹುಡಿ. ಮೊದಲ ಶುಕ್ರವಾರ ಊರಿನ ಅಭ್ಯಾಸದಂತೆ ಮೊಣಕಾಲೂರಿ ಹಾರಿ ಒಬ್ಬನನ್ನು ಹಿಡಿದೆ. ಹಿಡಿತ ಚೆನ್ನಾಗಿಯೇ ಬಿತ್ತು, ಮೊಣಕಾಲಿನ ಚರ್ಮ ಮಾತ್ರ ಅಲ್ಲೇ ಉಳಿಯಿತು. ಮರುದಿನ ಸ್ಟೋರಿನಲ್ಲಿ ನೆಟ್ಟಗೆ ನಿಲ್ಲಲಾಗದೆ ಒದ್ದಾಡಿದೆ. ನಮ್ಮ ಗೋದಾಮಿನ ಮೇಲ್ವಿಚಾರಕ ಈಜಿಪ್ಟಿನ ಒಬ್ಬ ದಪ್ಪನೆಯ ಮನುಷ್ಯ. ಬ್ಯಾಂಡೇಜು ನೋಡಿ, "ಹಾದಾ ಕಬಡ್ಡಿ? ಖಲಾಸ್, ಮಾಫಿ ಕಬಡ್ಡಿ, ಯಲ್ಲಾ ಕೆಲಸ ಮಾಡು" ಎಂದ. ಕಬಡ್ಡಿ ಗಿಬಡ್ಡಿ ಇಲ್ಲ, ಸಾಕು ಎಂದು ಅದರರ್ಥ. ಪೈಪುಗಳ ರಾಶಿ ತೋರಿಸಿದ. ಫೆಲಿಕ್ಸ್ ಸರ್ ಹೇಳಿದ ಕುರ್ಚಿ ಆ ಗೋದಾಮಿನಲ್ಲಿ ಎಲ್ಲಿಯೂ ಇರಲಿಲ್ಲ.

ಫೆಲಿಕ್ಸ್ ಸರ್ ಕೆಟ್ಟವರಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಓದುವಾಗ ಹಾಗೆ ಅನಿಸಲಿಕ್ಕಿಲ್ಲ. ಕ್ರಿಸ್‌ಮಸ್ಸಿಗೆ ಮನೆಗೆ ಕರೆದು ಊಟ ಹಾಕುತ್ತಿದ್ದರು, ಜ್ವರ ಬಂದರೆ ತಮ್ಮ ಕಾರಿನಲ್ಲೇ ಡಾಕ್ಟರ ಹತ್ತಿರ ಒಯ್ಯುತ್ತಿದ್ದರು. ಆಟದ ಬಗ್ಗೆ ಮಾತ್ರ ಅವರಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಅವರು ಫುಟ್‌ಬಾಲ್ ನೋಡಿ ಬೆಳೆದವರು. ನಮ್ಮವನೊಬ್ಬ ಎದುರಾಳಿಗಳ ನಡುವೆ ಸಿಕ್ಕಿಬಿದ್ದು ಒದ್ದಾಡುತ್ತಿದ್ದರೆ, "ಮುಂದೆ ಹೋಗಾ, ಮುಂದೆ ಹೋಗಾ" ಎಂದು ಬೊಬ್ಬೆ ಹೊಡೆಯುತ್ತಿದ್ದರು. ಮುಂದೆ ಹೋದರೆ ಸಾಯುತ್ತಾನೆ ಸರ್, ಹಿಂದೆ ಬರಬೇಕು ಎಂದು ಹೇಳಿ ಹೇಳಿ ನಾನು ಸೋತೆ.

ನಾನು ಬಂದ ಎರಡನೆಯ ಚಳಿಗಾಲಕ್ಕೆ ಬಸವರಾಜ ಬಂದ. ಗದಗದ ಕಡೆಯ ಹುಡುಗ, ನನಗಿಂತ ಐದಾರು ವರ್ಷ ಚಿಕ್ಕವನು. ಅವನ ವೀಸಾದಲ್ಲಿ ಹೆಲ್ಪರ್ ಎಂದಿತ್ತು. ಕಪ್ಪು, ಸಪೂರ, ಮಾತು ಕಡಿಮೆ. ಇವನೇನು ದಾಳಿ ಮಾಡುತ್ತಾನೆ ಎಂದುಕೊಂಡೆ. ಮೊದಲ ದಿನ ಅಭ್ಯಾಸದಲ್ಲಿ ನನ್ನ ಮೂಲೆಗೇ ಬಂದ. ಕಾಲು ಮುಂದೆ ಚಾಚಿದ. ನಾನು ಹಾರಿದೆ. ಅಲ್ಲಿ ಕಾಲು ಇರಲಿಲ್ಲ. ತಲೆ ಎತ್ತಿದಾಗ ಅವನು ನಡುಗೆರೆಯ ಆಚೆ ನಿಂತು ನನ್ನನ್ನೇ ನೋಡುತ್ತಿದ್ದ.

"ಬಿದ್ದು ಪೆಟ್ಟಾತೇನ್ರಿ ಅಣ್ಣಾರ?" ಎಂದು ಕೇಳಿದ. ವ್ಯಂಗ್ಯವಲ್ಲ, ನಿಜವಾಗಿ ಕೇಳಿದ.

ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವನು ನನ್ನ ಮೀನಿನ ಸಾರಿನ ವಾಸನೆಗೆ ಕಿಟಕಿ ತೆರೆಯುತ್ತಿದ್ದ, ನಾನು ಅವನ ಶೇಂಗಾ ಚಟ್ನಿಯನ್ನು ಕದ್ದು ತಿನ್ನುತ್ತಿದ್ದೆ. ಬರುವ ಮೊದಲು ಅವನಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೆಂಡತಿ ಕಸ್ತೂರಿ ಊರಿನಲ್ಲಿ. ಶುಕ್ರವಾರ ಆಟ ಮುಗಿದ ಮೇಲೆ ಎಲ್ಲರೂ ಕರಕ್ ಚಹಾ ಕುಡಿಯಲು ಮಲಯಾಳಿಯ ಕೆಫೆಟೇರಿಯಾಕ್ಕೆ ಹೋದರೆ, ಇವನು ಫೋನಿನ ಕಾರ್ಡು ತೆಗೆದುಕೊಂಡು ಬೂತಿಗೆ ಹೋಗುತ್ತಿದ್ದ. ಗಾಜಿನ ಆಚೆ ಅವನು ಮಾತಾಡುವುದಕ್ಕಿಂತ ತಲೆ ಆಡಿಸುವುದೇ ಹೆಚ್ಚು. ಅವನಿಗೆ ಒಂದೇ ಆಸೆ ಇತ್ತು, ಒಂದು ಸಲ ಅವಳನ್ನು ಅಲ್ಲಿಗೆ ಕರೆಸಬೇಕು. ಹೆಲ್ಪರ್ ವೀಸಾದವನಿಗೆ ಅದು ಆಗುವ ಮಾತಲ್ಲ.

"ನನ್ನ ಆಟ ಒಮ್ಮೆರೆ ಅಕಿ ನೋಡಬೇಕಣ್ಣಾ. ಊರಾಗ ಮದವಿಗಿಂತ ಮೊದಲ ನೋಡಿಲ್ಲ, ಮದವ್ಯಾದ ಮ್ಯಾಲ ನಾ ಇಲ್ಲಿಗೆ ಬಂದೆ" ಎಂದಿದ್ದ.

ಅವನು ಬಂದ ಮೇಲೆ ನಾವು ಗೆಲ್ಲತೊಡಗಿದೆವು. ಹೈದರಾಬಾದಿನವರ ತಂಡ, ಪಂಜಾಬಿನವರ ತಂಡ, ಎಲ್ಲರೂ ಅವನ ಕಾಲನ್ನು ನೋಡಲೆಂದೇ ಬರುತ್ತಿದ್ದರು. ಯಜಮಾನರು ಒಂದು ದಿನ ತಮ್ಮ ದೊಡ್ಡ ಬಿಳಿ ಗಾಡಿಯಲ್ಲಿ ಬಂದು, ಇಳಿಯದೆಯೇ, ಗಾಜು ಇಳಿಸಿ ನೋಡಿ ಹೋದರು. ಮರುದಿನ ಫೆಲಿಕ್ಸ್ ಸರ್ ಮುಖದಲ್ಲಿ ಕಂಡಂಥ ಬೆಳಕನ್ನು ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಮ್ಯಾಟು ಬಂತು. ಆ ವರ್ಷಗಳಲ್ಲಿ ದೋಹಾಕ್ಕೆ ದೊಡ್ಡ ಕ್ರೀಡಾಕೂಟ ಬರಲಿತ್ತು. ಊರೆಲ್ಲ ಅಗೆದು ಹಾಕಿದ್ದರು, ಎಲ್ಲೆಲ್ಲೂ ಹೊಸ ಸಭಾಂಗಣಗಳು. ನಮ್ಮ ಪಂದ್ಯಗಳೂ ಒಂದು ಬಾಡಿಗೆ ಹಾಲಿನೊಳಗೆ ಹೋದವು. ಎಸಿ, ಬೆಂಚು, ಕೆಳಗೆ ರಬ್ಬರಿನ ಮ್ಯಾಟು. ಎಲ್ಲರೂ ಹಿಗ್ಗಿದರು. ಬಿದ್ದರೆ ಚರ್ಮ ಹೋಗುವುದಿಲ್ಲವಲ್ಲ. ಆದರೆ ಮಣ್ಣು ಕಾಲನ್ನು ಬಿಟ್ಟುಕೊಡುತ್ತದೆ, ಮ್ಯಾಟು ಬಿಟ್ಟುಕೊಡುವುದಿಲ್ಲ. ದಾಳಿಗಾರ ಹಿಮ್ಮಡಿಯ ಮೇಲೆ ತಿರುಗಿದರೆ ಮಣ್ಣಿನಲ್ಲಿ ಪಾದವೂ ಜತೆಗೆ ತಿರುಗುತ್ತದೆ. ಮ್ಯಾಟಿನಲ್ಲಿ ಪಾದ ಅಂಟಿಕೊಂಡು ಮೈ ಮಾತ್ರ ತಿರುಗುತ್ತದೆ. ಆಗ ತಿರುಚುವುದು ನಡುವಿನ ಮೊಣಕಾಲು. ಇದನ್ನು ಈಗ ಕೋಚುಗಳು ಮೊದಲ ದಿನವೇ ಹೇಳಿಕೊಡುತ್ತಾರೆ, ಹೇಗೆ ಹೆಜ್ಜೆ ಸಣ್ಣದು ಮಾಡಬೇಕು, ತೊಡೆಯನ್ನು ಹೇಗೆ ಗಟ್ಟಿ ಮಾಡಬೇಕು ಎಂದು. ನಮಗೆ ಹೇಳುವವರು ಯಾರೂ ಇರಲಿಲ್ಲ. ಬಸವರಾಜನ ಆಟವೆಲ್ಲ ಆ ತಿರುಗುವಿಕೆಯಲ್ಲೇ ಇತ್ತು.

ಸೆಮಿಫೈನಲ್‌ನಲ್ಲಿ ಅವನ ಬಲ ಮೊಣಕಾಲು ತಿರುಚಿತು. ಗೆದ್ದು ಹೊರಬಂದಾಗ ಅದು ತೆಂಗಿನಕಾಯಿಯಷ್ಟು ಊದಿತ್ತು. ಫೆಲಿಕ್ಸ್ ಸರ್ ಅವನನ್ನು ಅಲ್ ಸದ್ದ್‌ನ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ನಾನೂ ಹೋದೆ. ಅಲ್ಲಿಯ ಡಾಕ್ಟರು ಒತ್ತಿ ನೋಡಿ, ಒಳಗಿನ ಲಿಗಮೆಂಟು ಹರಿದಿರಬಹುದು, ಸ್ಕ್ಯಾನ್ ಆಗಬೇಕು, ಕೆಲವು ತಿಂಗಳು ಆಟ ಮರೆತುಬಿಡಬೇಕು ಎಂದರು. ಮುಂದಿನ ಶುಕ್ರವಾರ ಫೈನಲ್ ಇತ್ತು.

ಮೆಟ್ಟಿಲಿಳಿಯುವಾಗ ಫೆಲಿಕ್ಸ್ ಸರ್ ಅವನ ಹೆಗಲಿಗೆ ಕೈ ಕೊಟ್ಟು ಹಿಡಿದುಕೊಂಡಿದ್ದರು. ಕಾರು ಹೊರಡಿಸಿ ಹೇಳಿದರು: "ನಾನು ಫೋರ್ಸ್ ಮಾಡುದಿಲ್ಲ ಬಸವರಾಜ. ಆದ್ರೆ ಒಂದು ಹೇಳ್ತೇನೆ. ಕಪ್ ಬಂದ್ರೆ ನಾನು ಡೈರೆಕ್ಟ್ ಯಜಮಾನರ ಹತ್ರ ಹೋಗ್ತೇನೆ. ನಿನ್ನ ಹೆಂಡತಿಯ ವಿಸಿಟ್ ವೀಸಾ ನಾನು ಮಾಡಿಸ್ತೇನೆ. ಇದು ನನ್ನ ವರ್ಡ್."

ಬಸವರಾಜ ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕಿಟಕಿಯಾಚೆ ನೋಡುತ್ತಿದ್ದ.

ಕೋಣೆಗೆ ಬಂದ ಮೇಲೆ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ: "ಕ್ಯಾಪ್ಟನ್ ನಾನು. ನಿನ್ನನ್ನು ಇಳಿಸುವುದಿಲ್ಲ."

"ಅಣ್ಣಾ, ಒಂದ ಆಟ."

"ಒಂದು ಆಟದಲ್ಲಿ ಕಾಲು ಹೋಗ್ತದೆ ಮಾರಾಯ. ಡಾಕ್ಟರು ಹೇಳಿದ್ದು ಕೇಳಲಿಲ್ವಾ?"

"ಕೇಳೀನಿ. ಕಾಲು ನಂದೈತಿ. ನಿಮ್ಮ ಮಾತಿಗೆ ನಾ ಎದುರಾಡಿಲ್ಲ ಇಲ್ಲೀತನಕ. ಇದೊಂದರಾಗ ಬಿಟ್ಟುಬಿಡ್ರಿ."

ಬಿಡಲಿಲ್ಲ. ಫೈನಲ್ಲಿನ ದಿನ ಅವನನ್ನು ಬೆಂಚಿನಲ್ಲಿ ಕೂರಿಸಿದೆ. ಎದುರಿಗೆ ಪಂಜಾಬಿನವರು, ಒಬ್ಬೊಬ್ಬನ ತೊಡೆ ನನ್ನ ಸೊಂಟದಷ್ಟು. ಮೊದಲರ್ಧ ಮುಗಿದಾಗ ನಾವು ತೀರಾ ಹಿಂದೆ ಬಿದ್ದಿದ್ದೆವು. ಬಿಡುವಿನಲ್ಲಿ ನೀರು ಕುಡಿದು ತಿರುಗುತ್ತೇನೆ, ಬಸವರಾಜ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಎದ್ದು ನಿಂತಿದ್ದಾನೆ. ಫೆಲಿಕ್ಸ್ ಸರ್ ಆಗಲೇ ಬದಲಿ ಆಟಗಾರನೆಂದು ಅವನ ಹೆಸರನ್ನು ಅಂಪೈರಿಗೆ ಹೇಳಿಯಾಗಿತ್ತು. ನಾನು ಅಂಪೈರನ ಬಳಿ ಓಡಿದೆ. ಅವನು ತಂಡದ ಮ್ಯಾನೇಜರರನ್ನು ಕೇಳಿ ಎಂದ. ಮ್ಯಾನೇಜರೆಂದರೆ ಫೆಲಿಕ್ಸ್ ಸರ್. ಅವರು ನನ್ನ ಕಡೆ ನೋಡಲಿಲ್ಲ.

ಅವನು ಆಡಿದ್ದನ್ನು ಹೇಗೆ ವರ್ಣಿಸಲಿ? ಒಂದೂವರೆ ಕಾಲಿನಲ್ಲಿ ಆಡಿದ. ತಿರುಗುವುದನ್ನು ಬಿಟ್ಟು ಬರೀ ಕೈಯಿಂದ ಮುಟ್ಟಿ ಮುಟ್ಟಿ ಬಂದ. ಒಂದೊಂದೇ ಅಂಕ ಸೇರಿ ಕೊನೆಗೆ ಸಮ ಆಯಿತು. ಕೊನೆಯ ದಾಳಿ ಅವನದು. ಮೂಲೆಯವನು ಕಾಲು ಹಿಡಿಯಲು ಹಾರಿದ. ಅಭ್ಯಾಸ ಬಿಡಬೇಕಲ್ಲ, ಬಸವರಾಜ ಹಿಮ್ಮಡಿಯ ಮೇಲೆ ತಿರುಗಿಬಿಟ್ಟ. ಪಾದ ಮ್ಯಾಟಿಗೆ ಅಂಟಿತ್ತು. ತೆಂಗಿನ ಒಣ ಮಡಲು ಮುರಿದಂಥ ಒಂದು ಸದ್ದು ಕೇಳಿತು. ನಾನು ಗೆರೆಯ ಈಚೆ ನಿಂತಿದ್ದೆ, ನನಗೂ ಸ್ಪಷ್ಟವಾಗಿ ಕೇಳಿತು. ಅವನು ಬಿದ್ದ. ಇಬ್ಬರು ಮೈಮೇಲೆ ಬಿದ್ದರು. ಆ ರಾಶಿಯ ಕೆಳಗಿನಿಂದ "ಕಬಡ್ಡಿ, ಕಬಡ್ಡಿ" ಎಂಬ ಉಸಿರು ಕಡಿಯದೆ ಬರುತ್ತಿತ್ತು. ಮೊಣಕೈಯಲ್ಲಿ ತೆವಳುತ್ತ, ಬೆರಳಿನ ತುದಿಯನ್ನು ನಡುಗೆರೆಯ ಮೇಲೆ ಇಟ್ಟ. ಅಂಪೈರ್ ಸೀಟಿ ಊದಿದ. ನಾವು ಗೆದ್ದೆವು.

ಎಲ್ಲರೂ ಕುಣಿಯುತ್ತಿದ್ದರು. ನಾನು ಹೋಗಿ ಅವನ ಪಕ್ಕ ಕುಳಿತೆ. ಅವನ ಕಾಲು ಇರಬಾರದ ದಿಕ್ಕಿಗೆ ಮಲಗಿತ್ತು. "ಆತಲ್ಲಣ್ಣಾ?" ಎಂದ. "ಆಯ್ತು" ಎಂದೆ. ಆಮೇಲೆ ಅವನು ಕಿರುಚತೊಡಗಿದ.

ಸರಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದರು. ಆಪರೇಷನ್ ಬೇಕು, ಅದರ ಮೇಲೆ ಬಹಳ ದಿನದ ಆರೈಕೆ ಬೇಕು, ಊರಿನಲ್ಲಿ ಮಾಡಿಸಿಕೊಳ್ಳುವುದೇ ಒಳ್ಳೆಯದು ಎಂದರು. ಕಂಪೆನಿಯ ವಿಮೆ ಕೆಲಸದ ಸ್ಥಳದಲ್ಲಿ ಆದ ಪೆಟ್ಟಿಗೆ ಮಾತ್ರ. ಹೆಲ್ಪರ್ ಒಬ್ಬ ರಜೆಯ ದಿನ ಎಲ್ಲೋ ಆಡಲು ಹೋಗಿ ಬಿದ್ದರೆ ಅದಕ್ಕೆ ಯಾರು ಹೊಣೆ?

ಫೆಲಿಕ್ಸ್ ಸರ್ ಮಾತು ಉಳಿಸಿಕೊಂಡರು. ಸರಕಾರಿ ಕಚೇರಿಗಳ ಓಡಾಟಕ್ಕೆ ಕಂಪೆನಿಯಲ್ಲಿ ಒಬ್ಬ ಅರಬ ಇದ್ದ, ಮಂದೂಬ್ ಎನ್ನುತ್ತಿದ್ದೆವು. ಅವನ ಬೆನ್ನು ಹತ್ತಿ, ಯಜಮಾನರ ಸಹಿ ಹಾಕಿಸಿ, ಕಸ್ತೂರಿಗೆ ಒಂದು ತಿಂಗಳ ವಿಸಿಟ್ ವೀಸಾ ಮಾಡಿಸಿದರು. ಟಿಕೆಟ್ಟನ್ನೂ ತಾವೇ ಕೊಟ್ಟರು. ನಾನು ಅಲ್ ಅಜೀಜಿಯಾದಲ್ಲಿ ಊರಿನವರೊಬ್ಬರ ಮನೆಗೆ ಹೋಗಿ ಮಲಗತೊಡಗಿದೆ, ನಮ್ಮ ಕೋಣೆ ಅವರಿಬ್ಬರಿಗೆ.

ಅವಳು ಜೋಳದ ಹಿಟ್ಟಿನ ಗಂಟು ಹೊತ್ತು ಬಂದಿದ್ದಳು. ಇಪ್ಪತ್ತು ದಾಟಿದ ಹುಡುಗಿ, ವಿಮಾನ ನಿಲ್ದಾಣದಲ್ಲಿ ಗಂಡನನ್ನು ಹುಡುಕುತ್ತ ನಿಂತಿದ್ದಳು. ಕಾಲಿಗೆ ಪೆಟ್ಟಾಗಿದೆ ಎಂದು ಫೋನಿನಲ್ಲಿ ಹೇಳಿದ್ದನಂತೆ, ಎಷ್ಟು ಎಂದು ಹೇಳಿರಲಿಲ್ಲ. ಕೋಣೆಯ ಬಾಗಿಲು ತೆರೆದು, ತೊಡೆಯವರೆಗಿನ ಪ್ಲಾಸ್ಟರು ನೋಡಿ, ಗಂಟನ್ನು ಕೆಳಗಿಡಲು ಮರೆತು ನಿಂತುಬಿಟ್ಟಳು. ನಾನು ಅಲ್ಲಿ ನಿಲ್ಲದೆ ಬಂದೆ.

ಆ ತಿಂಗಳೆಲ್ಲ ಅವಳು ಆ ಕೋಣೆ ಬಿಟ್ಟು ಹೊರಗೆ ಬಂದದ್ದು ಒಂದೇ ಸಲ. ಒಂದು ಶುಕ್ರವಾರ ಗೆಳೆಯನ ಕಾರು ತಂದು, ಕಡಲ ಬದಿಯ ಕಾರ್ನಿಶ್ ರಸ್ತೆ ತೋರಿಸುತ್ತೇನೆ ಎಂದು ಇಬ್ಬರನ್ನೂ ಹತ್ತಿಸಿಕೊಂಡು ಹೋದೆ. ಬಸವರಾಜನನ್ನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂರಿಸಿದ್ದೆವು. ಸಮುದ್ರದ ಬದಿಗೆ ನಿಲ್ಲಿಸಿ, "ಇಳಿದು ನೋಡಮ್ಮ" ಎಂದೆ.

"ಇವರ ಇಳೀದ ನಾ ಹ್ಯಾಂಗ ಇಳೀಲಿರಿ" ಎಂದಳು. ಗಾಜಿನೊಳಗಿನಿಂದಲೇ ನೋಡಿದಳು. ಅವಳು ಸಮುದ್ರ ಕಂಡದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟ ಸುಮ್ಮನ ಇರತೈತೇನ್ರಿ ಸಮುದ್ರ?" ಎಂದು ಕೇಳಿದಳು.

"ಇಲ್ಲಿಯದ್ದು ಹೀಗೆ. ನಮ್ಮ ಮಲ್ಪೆಯದ್ದು ಬೊಬ್ಬೆ ಹೊಡೀತದೆ" ಎಂದೆ. ಬಸವರಾಜ ಬಹಳ ದಿನಗಳ ಮೇಲೆ ನಕ್ಕ.

ಅವಳ ವೀಸಾ ಮುಗಿಯುವ ಮೊದಲೇ ಅವನದನ್ನು ರದ್ದು ಮಾಡಿದರು. ನಾನು ಫೆಲಿಕ್ಸ್ ಸರ್ ಕ್ಯಾಬಿನ್ನಿಗೆ ಹೋದೆ. ಗೆದ್ದ ಕಪ್ ಅವರ ಮೇಜಿನ ಮೇಲೆಯೇ ಇತ್ತು.

"ಎಂತ ಮಾಡುದು ವಿಶ್ವ, ಮ್ಯಾನೇಜ್‌ಮೆಂಟ್ ಡಿಸಿಷನ್. ಹೆಲ್ಪರ್ ಅಂದ್ರೆ ಲೋಡ್ ಎತ್ತಬೇಕು. ಅವನಿಗೆ ನಿಲ್ಲಲಿಕ್ಕೇ ಆಗುದಿಲ್ಲ."

"ಅವನು ಲೋಡ್ ಎತ್ತಲಿಕ್ಕೆ ಬಂದದ್ದಾ ಸರ್?"

"ಪೇಪರಲ್ಲಿ ಹಾಗೇ ಉಂಟಲ್ಲ."

"ಆ ಪೇಪರ್ ಮಾಡಿದ್ದು ನೀವು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಇಲ್ಲಿ ಒಬ್ಬ ಕೆಲಸದವ ಮಾರಾಯ. ನನ್ನ ಪೇಪರು ಮಾಡಿದವ ಇನ್ನೊಬ್ಬ ಇದ್ದಾನೆ" ಎಂದರು. ಅದು ಸುಳ್ಳಾಗಿರಲಿಲ್ಲ. ಮರುದಿನ ನನ್ನ ಜೆರ್ಸಿಯನ್ನು ಒಗೆದು ಮಡಚಿ ಅವರ ಕ್ಯಾಬಿನ್ನಿನ ಕುರ್ಚಿಯ ಮೇಲಿಟ್ಟು ಬಂದೆ. ಇನ್ನು ಆಡುವುದಿಲ್ಲ ಎಂದೆ. ನನ್ನನ್ನೂ ಕಳಿಸುತ್ತಾರೆ ಎಂದುಕೊಂಡಿದ್ದೆ. ಕಳಿಸಲಿಲ್ಲ. ಅಷ್ಟರಲ್ಲಿ ನನಗೆ ಸ್ಟೋರಿನ ಕೆಲಸ ಗೊತ್ತಾಗಿತ್ತು. ಯಾವ ಪೈಪು ಎಲ್ಲಿದೆ ಎಂದು ಹೇಳಲು ಈಜಿಪ್ಟಿನವನಿಗೆ ನಾನು ಬೇಕಿತ್ತು.

ಬಸವರಾಜನನ್ನು ಗಾಲಿಕುರ್ಚಿಯಲ್ಲಿ ವಿಮಾನಕ್ಕೆ ಒಯ್ದರು. ಕುರ್ಚಿ ತಳ್ಳಲು ವಿಮಾನ ನಿಲ್ದಾಣದ ಆಳು ಬಂದಿದ್ದರೂ ಕಸ್ತೂರಿ ಹಿಡಿಕೆ ಬಿಡಲಿಲ್ಲ.

ಮುಂದಿನದು ಹೇಳುವಂಥದ್ದೇನಿಲ್ಲ. ತಂಡ ಇನ್ನೆರಡು ವರ್ಷ ಆಡಿತು, ಮತ್ತೆ ಗೆಲ್ಲಲಿಲ್ಲ. ಯಜಮಾನರಿಗೆ ಬೇಟೆಯ ಗಿಡುಗ ಸಾಕುವ ಹುಚ್ಚು ಹತ್ತಿತು. ಆ ದಶಕದ ಕೊನೆಗೆ ಕಟ್ಟಡದ ಕೆಲಸಗಳು ನಿಂತುಹೋದಾಗ ಮೊದಲು ಕಳಿಸಿದವರಲ್ಲಿ ಫೆಲಿಕ್ಸ್ ಸರ್ ಒಬ್ಬರು. ಬಹಳ ವರ್ಷ ಇದ್ದವರು, ಹೋಗುವ ದಿನ ಸ್ಟೋರಿಗೆ ಬಂದು ಕಂಪೆನಿಯ ಫೋನು, ಕಾರಿನ ಬೀಗದ ಕೈ ಒಪ್ಪಿಸಿದರು. "ಬಸವರಾಜ ಹೇಗಿದ್ದಾನೆ, ಗೊತ್ತುಂಟಾ?" ಎಂದು ಕೇಳಿದರು. ಗೊತ್ತಿಲ್ಲ ಸರ್ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವನ ಫೋನು ನಿಂತು ವರ್ಷಗಳಾಗಿದ್ದವು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಗದಗಕ್ಕೆ ಬಸ್ಸು ಹತ್ತಿದ್ದು. ವಿಚಾರಿಸಿಕೊಂಡು ಅವನ ಹಳ್ಳಿ ಮುಟ್ಟಿದೆ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಮೈಯೆಲ್ಲ ಹಿಟ್ಟು, ತಲೆ ನೆರೆತಂತೆ ಕಾಣುತ್ತಿತ್ತು. ಆಮೇಲೆ ನೋಡಿದರೆ ನಿಜವಾಗಿಯೂ ನೆರೆತಿತ್ತು. ಬಲಗಾಲು ಮಡಚುವುದಿಲ್ಲ, ಆಪರೇಷನ್ ಮಾಡಿಸುವುದು ತಡವಾಯಿತಂತೆ. ನನ್ನನ್ನು ನೋಡಿ ಗಿರಣಿ ನಿಲ್ಲಿಸಿದ. ಆಮೇಲೆ, "ಮೀನ ತಂದಿಲ್ಲ ಹೌದಲ್ರಿ ಅಣ್ಣಾ?" ಎಂದು ಕೇಳಿದ.

ಮನೆಯಲ್ಲಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಎದುರು ಊಟಕ್ಕೆ ಕುಳಿತೆ. ಬಸವರಾಜ ಯಾರೋ ಹಿಟ್ಟಿಗೆ ಬಂದರೆಂದು ಎದ್ದು ಹೋದ. ಕಾಲೆಳೆಯುವ ಸದ್ದು ಅಂಗಳ ದಾಟುವವರೆಗೆ ಅವಳು ಕಾದಳು.

"ಅಣ್ಣಾರ, ಒಂದ ಕೇಳತೀನಿ. ಅವತ್ತ ಆಡಬ್ಯಾಡ ಅಂತ ನೀವು ಅಂದಿದ್ರಂತ, ಖರೇನ್ರಿ?"

"ಹೌದಮ್ಮ. ಅಂದಿದ್ದೆ."

"ಇವರು ಹೇಳ್ಯಾರ. ಎಲ್ಲಾರಿಗೂ ಹೇಳತಾರ, ನಮ್ಮ ವಿಶ್ವಣ್ಣ ಬ್ಯಾಡ ಅಂದ, ನಾನ ಕೇಳಲಿಲ್ಲ ಅಂತ." ಅವಳು ತವೆಯ ಮೇಲಿನ ರೊಟ್ಟಿಗೆ ನೀರು ಸವರಿದಳು. "ಅದರ ಮುಂಚಿನ ದಿವಸ ಇವರು ಫೋನ್ ಮಾಡಿದ್ರು. ಕಾಲು ಸ್ವಲ್ಪ ನೋಯತೈತಿ, ಆಡ್ಲ್ಯೋ ಬಿಡ್ಲ್ಯೋ ಅಂತ ಕೇಳಿದ್ರು. ಗೆದ್ರ ನಿನಗ ವೀಸಾ ಬರತೈತಿ ಅಂದ್ರು. ನಾನ ಆಡ್ರಿ ಅಂದೆ."

ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದೆ.

"ಎಷ್ಟ ವರ್ಷ ಆತು. ಒಮ್ಮಿನೂ ಇವರು ಆ ಮಾತ ತಗದಿಲ್ಲರಿ. ಸಿಟ್ಟಿನಾಗೂ ತಗದಿಲ್ಲ. ನಿನ್ನಿಂದ ಹಿಂಗಾತು ಅಂತ ಒಮ್ಮೆ ಅಂದಿದ್ರ ಚಲೋ ಇತ್ತು."

ಹೊರಗೆ ಗಿರಣಿ ಮತ್ತೆ ಶುರುವಾಯಿತು. ಅವಳು ರೊಟ್ಟಿಯನ್ನು ತಿರುವಿ ಹಾಕಿ, ಉಬ್ಬಿದ ಮೇಲೆ ನನ್ನ ತಾಟಿಗೆ ಹಾಕಿದಳು. "ಉಣ್ಣರಿ, ಆರತೈತಿ" ಎಂದಳು. ನಾನು ತಲೆ ತಗ್ಗಿಸಿ ಉಂಡೆ.